ಹಾಳೆ ಮಡಚಿ ನಾಳವಾಗುವುದು: ಭ್ರೂಣದ ಅನಿಮೇಶನ್ ಬಗ್ಗೆ ಓದುಗರ ಪ್ರಶ್ನೆಗಳು

ಭ್ರೂಣದ ಅಂಗಾಂಶಗಳು ಆಕಾರ ಪಡೆಯುವುದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಹೆಚ್ಚಿನವರು ಬಳಸುತ್ತಿರುವುದು ಬ್ಲೆಂಡರ್ ಎಂಬ ಉಚಿತ ಸಾಫ್ಟ್‌ವೇರ್. ಆದ್ದರಿಂದ ಉತ್ತರಗಳಲ್ಲಿ ಅದರ ಬಟನ್ನು, ಬಾಕ್ಸುಗಳ ಹೆಸರನ್ನು ಅದು ತೋರಿಸುವಂತೆಯೇ ಬರೆದಿದ್ದೇವೆ.

ಪ್ರಶ್ನೆ: ಬಿಎಸ್ಸಿಗೆ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಚಪ್ಪಟೆ ನರಫಲಕ ಮಡಚಿಕೊಂಡು ನರನಾಳವಾಗುವುದನ್ನು (ಮುಂದೆ ಮೆದುಳು, ಬೆನ್ನುಹುರಿ ಆಗುವುದು ಇದೇ ನಾಳ) ಬ್ಲೆಂಡರ್‌ನಲ್ಲಿ ನಾಲ್ಕು ಶೇಪ್ ಕೀ ಹಾಕಿ ಮಾಡಿದ್ದೇನೆ. ನೋಡಲು ಚೆನ್ನಾಗಿದೆ. ಆದರೆ ಸಹೋದ್ಯೋಗಿಯೊಬ್ಬರು "ಇದು ಚಿತ್ರ, ಮಾಡೆಲ್ ಅಲ್ಲ" ಎಂದರು. ವ್ಯತ್ಯಾಸ ಎಲ್ಲಿದೆ?
— ಉಪನ್ಯಾಸಕಿ, ಶಿರಸಿ

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಹಾಗೆಂದು ನಿಮ್ಮ ಕೆಲಸ ವ್ಯರ್ಥವಲ್ಲ.

ಶೇಪ್ ಕೀ ಮಾಡುವ ಕೆಲಸ ಇಷ್ಟೇ: ಮೆಶ್ಶಿನ, ಅಂದರೆ ಆಕಾರವನ್ನು ಹೆಣೆದ ಬಲೆಯ, ಪ್ರತಿಯೊಂದು ಬಿಂದುವನ್ನೂ ಮೊದಲ ಆಕಾರದಿಂದ ಎರಡನೆಯದಕ್ಕೆ ನೇರ ಗೆರೆಯಲ್ಲಿ ನಡೆಸುವುದು. ಕೊನೆಗೆ ನಾಳ ಆಗಲೇಬೇಕು, ಯಾಕೆಂದರೆ ನಾಳವನ್ನು ನೀವೇ ಬರೆದಿಟ್ಟಿದ್ದೀರಿ. ಆ ಹಾಳೆ ಅಂಗಾಂಶದ್ದಾಗಲಿ, ತಗಡಿನದ್ದಾಗಲಿ, ಅನಿಮೇಶನ್ ಒಂದೇ ಥರ ಬರುತ್ತದೆ. ಯಾವ ಕೋಶ ಏನು ಮಾಡಿದ್ದರಿಂದ ಹಾಳೆ ಮಡಚಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ನೇರ ಗೆರೆಯಲ್ಲಿ ನಡೆಸುವುದರಿಂದ ಇನ್ನೊಂದು ಸುಳ್ಳೂ ನುಸುಳುತ್ತದೆ. ಅಡ್ಡ ಸೀಳಿದ ನೋಟ ತೆಗೆದುಕೊಳ್ಳಿ. ನೇರ ಪಟ್ಟಿಯನ್ನು ಒಂದೇ ಶೇಪ್ ಕೀಯಿಂದ ಪೂರ್ತಿ ವೃತ್ತ ಮಾಡಿದರೆ ನಡುವಿನ ಫ್ರೇಮಿನಲ್ಲಿ ಪಟ್ಟಿಯ ಉದ್ದ ಮೂಲದ ಸುಮಾರು 64% ಮಾತ್ರ ಇರುತ್ತದೆ. ಪಟ್ಟಿಯ ತುದಿಗಳು 180 ಡಿಗ್ರಿ ತಿರುಗಬೇಕಲ್ಲ, ಅರ್ಧದಾರಿಯಲ್ಲಿ ಅಲ್ಲಿನ ಉದ್ದ ಸೊನ್ನೆಗೇ ಇಳಿದು ಮತ್ತೆ ಬೆಳೆಯುತ್ತದೆ. ನಿಮ್ಮಂತೆ ನಾಲ್ಕು ಕೀ ಸಮ ಅಂತರದಲ್ಲಿದ್ದರೆ ನಷ್ಟ ಒಟ್ಟಾರೆ 4–5%, ತುದಿಗಳಲ್ಲಿ 13%. ಕಣ್ಣಿಗೆ ಗೊತ್ತಾಗದು. ಆದರೆ "ಅಂಚಿನ ಕೋಶಗಳು ಮೊದಲು ಕುಗ್ಗಿ ಆಮೇಲೆ ಹಿಗ್ಗುತ್ತವೆ" ಎಂದು ವಿದ್ಯಾರ್ಥಿಯೊಬ್ಬ ನೋಟ್ಸ್ ಬರೆದುಕೊಂಡರೆ ತಪ್ಪು ಅವನದ್ದಲ್ಲ.

ಮಾಡೆಲ್ ಎನ್ನುವುದರಲ್ಲಿ ಕೊನೆಯ ಆಕಾರವನ್ನು ಎಲ್ಲೂ ಬರೆಯುವಂತಿಲ್ಲ. ಆರಂಭದ ಹಾಳೆ ಇರುತ್ತದೆ, ಕೋಶಗಳು ಪಾಲಿಸುವ ಸ್ಥಳೀಯ ನಿಯಮಗಳಿರುತ್ತವೆ, ಅಷ್ಟೇ. ನರಫಲಕದಲ್ಲಿ ಅಂಥ ನಿಯಮಗಳು ನಾಲ್ಕಾದರೂ ಬೇಕು. ಒಂದು, ನಟ್ಟನಡುವಿನ ಕೀಲು: ನೋಟೋಕಾರ್ಡ್ ಎಂಬ, ಭ್ರೂಣದ ಬೆನ್ನುದ್ದದ ಕೋಲಿನಂಥ ಅಂಗದ ಮೇಲೆ ಕೂತ ಕೋಶಗಳು ಬುಡದಲ್ಲಿ ಅಗಲವಾಗಿ ಮೇಲ್ತುದಿಯಲ್ಲಿ ಕಿರಿದಾಗಿ ಬೆಣೆಯಾಕಾರ ತಾಳುತ್ತವೆ. ಎರಡು, ಅಂಚಿಗೆ ಹತ್ತಿರ ಎಡಬಲಕ್ಕೊಂದೊಂದು ಕೀಲು. ಮೂರು, ಪಕ್ಕದ ಚರ್ಮಪದರ ಹೊರಗಿನಿಂದ ಒಳಕ್ಕೆ ತಳ್ಳುವುದು. ನಾಲ್ಕು, ಫಲಕ ಉದ್ದಕ್ಕೆ ಬೆಳೆದು ಅಗಲದಲ್ಲಿ ಕಿರಿದಾಗುವುದು. ಕೋಶಗಳು ಒಂದರ ನಡುವೆ ಒಂದು ತೂರಿಕೊಂಡು ಸಾಲು ಬದಲಿಸುವುದರಿಂದ ಇದು ಆಗುತ್ತದೆ.

ಇವನ್ನು ನಾಲ್ಕು ಸ್ವಿಚ್ಚುಗಳಂತೆ ಬೇರೆಬೇರೆಯಾಗಿ ಇಡಿ. ಒಂದೊಂದನ್ನೇ ಆಫ್ ಮಾಡಿ ಓಡಿಸಿ. ನಡುವಿನ ಕೀಲು ಮಾತ್ರ ಇದ್ದರೆ ಹಾಳೆ ಮಡಚಿದ ಪುಸ್ತಕದಂತೆ ವಿ ಆಕಾರಕ್ಕೆ ಬಂದು ನಿಲ್ಲುತ್ತದೆ, ಅಂಚುಗಳು ಒಂದಕ್ಕೊಂದು ಬಾಗುವುದಿಲ್ಲ. ಪಕ್ಕದ ಕೀಲುಗಳು ಸೇರಿದಾಗಲೇ ಅದು ಮುಚ್ಚುವ ದಾರಿ ಹಿಡಿಯುವುದು. ಹೀಗೆ ಮುಚ್ಚದೆ ಉಳಿದ ಓಟಗಳೇ ಮುಚ್ಚಿದ ಓಟಕ್ಕಿಂತ ಹೆಚ್ಚು ಕಲಿಸುತ್ತವೆ. ಶೇಪ್ ಕೀ ಆವೃತ್ತಿಯನ್ನೂ ಇಟ್ಟುಕೊಳ್ಳಿ, ತರಗತಿಗೆ ಬೇಕು. ಕೆಳಗೆ "ಇದು ಚಿತ್ರಣ" ಎಂದು ಬರೆದರೆ ಸಾಕು.

ಪ್ರಶ್ನೆ: ಹಾಳೆಯನ್ನು ಬಟ್ಟೆಯಂತೆ ಚಲಿಸುವ ಬ್ಲೆಂಡರ್‌ನ ಕ್ಲಾತ್ ಬಳಸಿ ಪ್ರಯತ್ನಿಸಿದೆ. ಒಂದು ಪ್ಲೇನ್ ಮಾಡಿ ನಡುವಿನ 4 ಸಾಲು ಬಿಂದುಗಳಿಗೆ ಶ್ರಿಂಕಿಂಗ್ ಕೊಟ್ಟೆ. ಹಾಳೆ ಮಡಚುವ ಬದಲು ನಡುವೆ ಸುಕ್ಕುಗಟ್ಟಿ, ತಂತಿಯ ಮೇಲೆ ಒಣಹಾಕಿದ ಸೀರೆಯಂತೆ ಪಟಪಟ ಹೊಡೆದುಕೊಳ್ಳುತ್ತದೆ. ದಪ್ಪ ಕೊಟ್ಟು ನೋಡಿದರೆ ಸಿಡಿದು ಚೂರಾಗುತ್ತದೆ. ಏನು ತಪ್ಪು?
— ಅನಿಮೇಶನ್ ವಿದ್ಯಾರ್ಥಿ, ಬೆಂಗಳೂರು

ಉತ್ತರ: ಸೀರೆಯ ಹೋಲಿಕೆಯಲ್ಲೇ ಅರ್ಧ ಉತ್ತರ ಇದೆ. ಸೀರೆಗೆ ತೂಕವಿದೆ, ಒಮ್ಮೆ ಚಲಿಸಿದರೆ ನಿಲ್ಲದ ಓಘವಿದೆ, ದಪ್ಪ ಇಲ್ಲ. ಭ್ರೂಣದ ಹಾಳೆ ಇದಕ್ಕೆ ಪೂರ್ತಿ ವಿರುದ್ಧ. ಕೋಶದ ಗಾತ್ರದಲ್ಲಿ ಸ್ನಿಗ್ಧತೆಯದ್ದೇ ಆಳ್ವಿಕೆ. ಎಳೆಯುವುದನ್ನು ನಿಲ್ಲಿಸಿದ ಕ್ಷಣವೇ ಚಲನೆಯೂ ನಿಲ್ಲುತ್ತದೆ, ಜೇನಿನಲ್ಲಿ ಮುಳುಗಿದ ಚಮಚದ ಹಾಗೆ. ಇನ್ನು ಮಡಚುವುದು ಹಾಳೆಯ ಮೇಲ್ಮುಖ ಕುಗ್ಗಿ ಕೆಳಮುಖ ಕುಗ್ಗದೆ ಉಳಿದಾಗ. ನಿಮ್ಮ ಪ್ಲೇನಿಗೆ ಇರುವುದು ಒಂದೇ ಮುಖ, ಅದು ಮಡಚಬೇಕಾದರೂ ಯಾವ ಕಡೆಗೆ?

ಹೊಸದಾಗಿ ಹೀಗೆ ಕಟ್ಟಿ. 1 ಬ್ಲೆಂಡರ್ ಮೀಟರ್ ಅಂದರೆ 100 ಮೈಕ್ರಾನ್ ಎಂದು ಲೆಕ್ಕ ಇಟ್ಟುಕೊಳ್ಳಿ. ನಿಜವಾದ ಮೈಕ್ರಾನ್ ಅಳತೆಯಲ್ಲೇ ಕಟ್ಟಲು ಹೋದರೆ ಡಿಕ್ಕಿಯ ಅಂತರ, ಸ್ಪ್ರಿಂಗಿನ ಬಿಗಿ ಯಾವುದೂ ಹೊಂದುವುದಿಲ್ಲ. ಉದ್ದ 6, ಅಗಲ 4ರ ಗ್ರಿಡ್ ಮಾಡಿ, 60×40 ಚೌಕಗಳಿರಲಿ. ಆಗ ಒಂದೊಂದು ಚೌಕದ ಬದಿ 0.1. ಇಡೀ ಗ್ರಿಡ್ಡನ್ನು 0.4 ಕೆಳಕ್ಕೆ ಎಕ್ಸ್‌ಟ್ರೂಡ್ ಮಾಡಿ. ಈಗ ಅದು 40 ಮೈಕ್ರಾನ್ ದಪ್ಪದ, ಎಲ್ಲ ಕಡೆ ಮುಚ್ಚಿದ ಹಲಗೆ. ಮರ್ಜ್ ಬೈ ಡಿಸ್ಟೆನ್ಸ್ ಒಮ್ಮೆ ಓಡಿಸಿ, ನಾರ್ಮಲ್‌ಗಳನ್ನು (ಪ್ರತಿ ಚೌಕ ಯಾವ ಕಡೆ ಮುಖ ಮಾಡಿದೆ ಎಂದು ತೋರಿಸುವ ಬಾಣಗಳು) ಹೊರಮುಖ ಮಾಡಿ. ಸಿಡಿಯುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಇಲ್ಲೇ ಇರುತ್ತದೆ: ಒಂದರ ಮೇಲೊಂದು ಕೂತ ಜೋಡಿ ಬಿಂದುಗಳು, ಇಲ್ಲವೇ ಒಳಮುಖವಾದ ನಾರ್ಮಲ್‌ನಿಂದಾಗಿ ಒತ್ತಡ ತಲೆಕೆಳಗಾಗಿ ಕೆಲಸ ಮಾಡುವುದು.

ಕ್ಲಾತ್ ಸೆಟ್ಟಿಂಗ್‌ನಲ್ಲಿ ಕ್ವಾಲಿಟಿ ಸ್ಟೆಪ್ಸ್ 5 ಇರುತ್ತದೆ, 15 ಮಾಡಿ. ಏರ್ ವಿಸ್ಕಾಸಿಟಿ 1ರಿಂದ 10ಕ್ಕೆ ಏರಿಸಿ. ಟೆನ್ಶನ್, ಕಂಪ್ರೆಶನ್, ಶಿಯರ್ ಮೂರರ ಡ್ಯಾಂಪಿಂಗ್ 5 ಇದ್ದದ್ದು 25 ಆಗಲಿ. ಫೀಲ್ಡ್ ವೇಟ್ಸ್‌ನಲ್ಲಿ ಗ್ರಾವಿಟಿ 0. ಪಟಪಟ ಅಲ್ಲಿಗೆ ನಿಲ್ಲುತ್ತದೆ.

ಇಂಟರ್ನಲ್ ಸ್ಪ್ರಿಂಗ್ಸ್ ಆನ್ ಮಾಡಿ, ಗರಿಷ್ಠ ಉದ್ದ 0.5 ಕೊಡಿ. ಇದು ದಪ್ಪಕ್ಕಿಂತ ತುಸು ಹೆಚ್ಚು, ಹಾಗಾಗಿ ಮೇಲಿನ ಬಿಂದು ತನ್ನ ಕೆಳಗಿನದಕ್ಕೆ ಕಟ್ಟಿಕೊಳ್ಳುತ್ತದೆ, ಹಲಗೆಯ ಈ ಅಂಚಿನಿಂದ ಆ ಅಂಚಿಗೆ ಸ್ಪ್ರಿಂಗ್ ಬೀಳುವುದಿಲ್ಲ. ಪ್ರೆಶರ್ ಆನ್ ಮಾಡಿ ಅದರ ಬೆಲೆ 0 ಇಡಿ, ಪ್ರೆಶರ್ ಸ್ಕೇಲ್ ಮಾತ್ರ 1ರಿಂದ ನಿಧಾನ ಏರಿಸಿ. ಹಲಗೆಯ ಘನಗಾತ್ರ ಕುಗ್ಗಿದಾಗ ಒಳಗಿನಿಂದ ತಳ್ಳುವ, ಹಿಗ್ಗಿದಾಗ ತಡೆಯುವ ಕೆಲಸ ಅದರದ್ದು. ಮೊದಲ ಫ್ರೇಮಿನಲ್ಲಿ ಘನಗಾತ್ರ 6×4×0.4 = 9.6. ಕೊನೆಯಲ್ಲಿ 3ಡಿ ಪ್ರಿಂಟ್ ಟೂಲ್‌ಬಾಕ್ಸ್ ಎಂಬ ಆಡ್-ಆನ್‌ನಿಂದ ಮತ್ತೆ ಅಳೆದು ನೋಡಿ. 5%ಗಿಂತ ಹೆಚ್ಚು ಬದಲಾಗಿದ್ದರೆ ಆ ಓಟವನ್ನು ನಂಬಬೇಡಿ.

ಈಗ ಕುಗ್ಗಿಸುವ ವಿಷಯ. 4 ಸಾಲು ಏಕೆ ಸಾಲದು ಎಂಬುದಕ್ಕೆ ಕಾಗದದ ಮೇಲೆ ಎರಡು ಗೆರೆಯ ಲೆಕ್ಕ ಸಾಕು. ಹಲಗೆ ಎಷ್ಟು ಕೋನ ಬಾಗಬೇಕೋ ಆ ಕೋನವನ್ನು ರೇಡಿಯನ್‌ನಲ್ಲಿ ಬರೆದು ದಪ್ಪದಿಂದ ಗುಣಿಸಿ. ಮೇಲ್ಮುಖ ಕೆಳಮುಖಕ್ಕಿಂತ ಅಷ್ಟು ಗಿಡ್ಡವಾಗಬೇಕು. 90 ಡಿಗ್ರಿ ಎಂದರೆ 1.57, ದಪ್ಪ 0.4, ಗುಣಿಸಿದರೆ 0.63. ನಿಮ್ಮ 4 ಸಾಲಿನ ಒಟ್ಟು ಅಗಲವೇ 0.4. ಇರುವ 40 ಪೈಸೆಯಲ್ಲಿ 63 ಪೈಸೆ ಖರ್ಚು ಮಾಡಲಾಗದು! ಸುಕ್ಕು ಬಂದಿದ್ದು ಅದಕ್ಕೇ. 8 ಸಾಲು ತೆಗೆದುಕೊಂಡರೆ 0.8 ಅಗಲ 0.17ಕ್ಕೆ ಇಳಿಯಬೇಕು, ಅಂದರೆ ಐದನೇ ಒಂದು ಭಾಗಕ್ಕೆ. ಘನಗಾತ್ರ ಉಳಿಸಿದ್ದರೆ ಬುಡ ತಾನೇ ಅಗಲವಾಗುವುದರಿಂದ ಅಷ್ಟೂ ಬೇಕಾಗುವುದಿಲ್ಲ.

ಕುಗ್ಗುವುದು ಹಂತಹಂತವಾಗಿ ಆಗಬೇಕು. ಅದಕ್ಕೆ ಶೇಪ್ ಪ್ಯಾನೆಲ್‌ನಲ್ಲಿ ಡೈನಾಮಿಕ್ ಮೆಶ್ ಆನ್ ಮಾಡಿ. ಅದು ಇಲ್ಲದಿದ್ದರೆ ಸ್ಪ್ರಿಂಗುಗಳ ಸಹಜ ಉದ್ದ ಮೊದಲ ಫ್ರೇಮಿನಲ್ಲೇ ನಿಗದಿಯಾಗಿ, ಆಮೇಲೆ ಆಕಾರ ಬದಲಿಸಿದರೂ ಹಲಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಒಂದು ಶೇಪ್ ಕೀ ಮಾಡಿ. ಗಮನಿಸಿ, ಇದು ಮಡಚಿದ ಆಕಾರವಲ್ಲ. ಹಲಗೆ ಚಪ್ಪಟೆಯಾಗಿಯೇ ಇದ್ದು, ಮೇಲ್ಮುಖದ ನಡುವಿನ 8 ಸಾಲು ಮಾತ್ರ ಒತ್ತೊತ್ತಾಗಿ, ಉಳಿದ ಮೇಲ್ಮುಖ ಅಷ್ಟೇ ಒಳಸರಿದ ಆಕಾರ. ಅದರ ಬೆಲೆ 0ಯಿಂದ 1ಕ್ಕೆ 200 ಫ್ರೇಮುಗಳಲ್ಲಿ ಏರಲಿ. ಕೋಶಗಳಿಗೆ "ಇಷ್ಟು ಅಗಲ ಸಾಕು" ಎಂದು ಹೇಳಿದಂತಾಯಿತು, ಎಲ್ಲಿಗೆ ಹೋಗಬೇಕೆಂದು ಹೇಳಲಿಲ್ಲ.

ಕೊನೆಯ ಹೊತ್ತಿನಲ್ಲಿ ನಡುಕ ಕಂಡರೆ ಸೆಲ್ಫ್ ಕೊಲಿಶನ್ ನೋಡಿ. 0.17ರಲ್ಲಿ 8 ಸಾಲು ಎಂದರೆ ಒಂದೊಂದಕ್ಕೂ 0.021. ಡಿಕ್ಕಿಯ ಅಂತರ ತಾನಾಗಿ 0.015 ಇರುತ್ತದೆ. ಪಕ್ಕದ ಸಾಲುಗಳು ಇನ್ನೇನು ತಾಗುವಂತಿವೆ ಎಂದು ಅದು ದೂರ ತಳ್ಳತೊಡಗುತ್ತದೆ. 0.005ಕ್ಕೆ ಇಳಿಸಿ. ಪ್ರತಿ ಬದಲಾವಣೆಗೂ ಹಳೆಯ ಬೇಕ್ (ಉಳಿಸಿಟ್ಟ ಲೆಕ್ಕ) ಅಳಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನಿನ್ನೆಯ ಫಲಿತಾಂಶವನ್ನೇ ಇಂದಿನದ್ದೆಂದು ನೋಡುತ್ತ ಕೂರುತ್ತೀರಿ.

ಪ್ರಶ್ನೆ: ಕೋಳಿ ಭ್ರೂಣದ ನರನಾಳದ ವಿಡಿಯೊ 10 ಸೆಕೆಂಡ್ ಇರಬೇಕು. ವೇಗ ಎಷ್ಟಿಟ್ಟರೆ ಸರಿ?
— ವಿಡಿಯೊ ಎಡಿಟರ್, ಹುಬ್ಬಳ್ಳಿ

ಉತ್ತರ: ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ 1951ರಲ್ಲಿ ಕೊಟ್ಟ, ಕೋಳಿ ಭ್ರೂಣದ ಬೆಳವಣಿಗೆಯ 46 ಹಂತಗಳ ಪಟ್ಟಿ ಇಂದಿಗೂ ಎಲ್ಲರ ಕೈಪಿಡಿ. ತಲೆಯ ಮಡಿಕೆ ಕಾಣುವ 6ನೇ ಹಂತ ಕಾವು ಕೊಟ್ಟ 23–25 ಗಂಟೆಗೆ, 10 ಜೊತೆ ಸೋಮೈಟ್ ಇರುವ 10ನೇ ಹಂತ 33–38 ಗಂಟೆಗೆ. ಬೆನ್ನಿನ ಇಬ್ಬದಿಯಲ್ಲಿ ಸಾಲಾಗಿ ಮೂಡುವ ಗಂಟುಗಳೇ ಸೋಮೈಟ್. 23ರಿಂದ 38 ಗಂಟೆ ಎಂದರೆ 900 ನಿಮಿಷ. ಸೆಕೆಂಡಿಗೆ 25 ಫ್ರೇಮಿನಂತೆ 250 ಫ್ರೇಮ್, ಫ್ರೇಮಿಗೆ 3.6 ನಿಮಿಷ. ಕೋಳಿಯಲ್ಲಿ ಹೊಸ ಸೋಮೈಟ್ ಜೊತೆ ಸುಮಾರು 90 ನಿಮಿಷಕ್ಕೊಂದು ಬರುತ್ತದೆ. ಅಂದರೆ ನಿಮ್ಮ ವಿಡಿಯೊದಲ್ಲಿ ಸೆಕೆಂಡಿಗೊಂದು! ಪಕ್ಕದಲ್ಲಿ ಸೋಮೈಟುಗಳನ್ನು ಇದೇ ತಾಳಕ್ಕೆ ಮೂಡಿಸಿ, ಬೇರೆ ಗಡಿಯಾರವೇ ಬೇಡ. ಜೀಬ್ರಾಮೀನಿನದ್ದಾದರೆ ಈ ತಾಳ 30 ನಿಮಿಷ, ಇಲಿಯದ್ದು ಸುಮಾರು 2 ಗಂಟೆ. ಒಂದರ ತಾಳ ಇನ್ನೊಂದಕ್ಕೆ ಹಾಕಬೇಡಿ.

ಪ್ರಶ್ನೆ: ಕಂಪ್ಯೂಟರ್ ಬರುವ ಮುಂಚೆ ಇಂಥದ್ದನ್ನು ಯಾರಾದರೂ ಮಾಡಿದ್ದರೇ?
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಧಾರಾಳವಾಗಿ. ಅಂಗರಚನಾ ವಿಜ್ಞಾನಿ ವಿಲ್ಹೆಲ್ಮ್ ಹಿಸ್ 1874ರಲ್ಲೇ ರಬ್ಬರ್ ಕೊಳವೆಯನ್ನು ಬಗ್ಗಿಸಿ, ಅದರಲ್ಲಿ ಬೀಳುವ ಮಡಿಕೆಗಳು ಭ್ರೂಣದ ಮೆದುಳಿನ ಮಡಿಕೆಗಳನ್ನು ಹೋಲುತ್ತವೆ ಎಂದು ತೋರಿಸಿದ. ಸಮಕಾಲೀನರಿಗೆ ಅದು ಹಿಡಿಸಲಿಲ್ಲ. ಪ್ರಾಣಿಯ ವಂಶಾವಳಿ ಹೇಳಿದರೆ ಆಕಾರಕ್ಕೆ ಕಾರಣ ಹೇಳಿದಂತಾಯಿತು ಎಂಬುದು ಆ ಕಾಲದ ನಂಬಿಕೆ. 1947ರಲ್ಲಿ ಡಬ್ಲ್ಯೂ. ಎಚ್. ಲೂಯಿಸ್ ಹಿತ್ತಾಳೆ ಪಟ್ಟಿಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಕೋಶಗಳ ಸಾಲು ಮಾಡಿದರು. ಒಂದು ಕಡೆಯ ಬ್ಯಾಂಡುಗಳು ಬಿಗಿಯಾದರೆ ಇಡೀ ಸಾಲು ಬಾಗುತ್ತಿತ್ತು. 1981ರಲ್ಲಿ ಒಡೆಲ್, ಓಸ್ಟರ್ ಮತ್ತು ಸಂಗಡಿಗರು ಇದನ್ನೇ ಕಂಪ್ಯೂಟರಿಗೆ ತಂದರು. ಅವರ ಕೋಶಕ್ಕೆ ಒಂದು ವಿಶೇಷ: ಮೇಲ್ತುದಿಯನ್ನು ಮಿತಿಮೀರಿ ಎಳೆದರೆ ಅದು ತಿರುಗಿ ಬಿಗಿಯಾಗಿ ಸೆಳೆದುಕೊಳ್ಳುತ್ತದೆ. ಒಂದು ಕೋಶ ಕುಗ್ಗಿದರೆ ಪಕ್ಕದ್ದು ಎಳೆಯಲ್ಪಟ್ಟು ಅದೂ ಕುಗ್ಗುತ್ತದೆ, ಹೀಗೆ ಅಲೆ ಸಾಗುತ್ತದೆ. ಇಂದಿನ ಎಷ್ಟೋ ಪ್ರೋಗ್ರಾಮುಗಳ ಅಜ್ಜ ಅದು.

ಪ್ರಶ್ನೆ: ಪೈಥಾನ್ ಬರುತ್ತದೆ. ಹಣ್ಣುನೊಣದ ಭ್ರೂಣದಲ್ಲಿ ಹೊಟ್ಟೆಯ ಕಡೆ ಉಂಟಾಗುವ ಸೀಳುಗುಳಿಯನ್ನು ನಾನೇ ಕೋಡ್ ಬರೆದು ಮಾಡಬೇಕೆಂದಿದ್ದೇನೆ. ಎಷ್ಟು ಕೋಶ, ಯಾವ ಬಲಗಳು? ಮೊದಲ ಪ್ರಯತ್ನದಲ್ಲಿ ಎಲ್ಲ ಸಂಖ್ಯೆಗಳೂ 'ಎನ್ಎಎನ್' (ಸಂಖ್ಯೆಯೇ ಅಲ್ಲ) ಆದವು.
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಳ್ಳೆಯ ಆಯ್ಕೆ. ಕೋಳಿಯ ನರನಾಳಕ್ಕಿಂತ ಇದು ಸರಳ: ಮೊಟ್ಟೆ ಇಟ್ಟ ಸುಮಾರು 3 ಗಂಟೆಗೆ ಶುರುವಾಗಿ 20 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಆ ಹೊತ್ತಿನಲ್ಲಿ ಅಲ್ಲಿನ ಕೋಶಗಳು ವಿಭಜನೆಯಾಗುವುದಿಲ್ಲ, ಇರುವುದು ಒಂದೇ ಪದರ. ಒಟ್ಟು ಸುಮಾರು 6,000 ಕೋಶಗಳಲ್ಲಿ 1,000ದಷ್ಟು ಒಳಗೆ ಹೋಗುತ್ತವೆ, ಅಗಲಕ್ಕೆ 18, ಉದ್ದಕ್ಕೆ 60.

ಅಡ್ಡ ಸೀಳಿನಲ್ಲಿ ಸುಮಾರು 80 ಕೋಶಗಳ ಉಂಗುರ. ಹೊರ ತ್ರಿಜ್ಯ 90 ಮೈಕ್ರಾನ್, ಕೋಶದ ಎತ್ತರ 35 ಇಟ್ಟರೆ ಹೊರ ಅಂಚು 7, ಒಳ ಅಂಚು 4.3 ಬರುತ್ತದೆ. 7 ಮೈಕ್ರಾನನ್ನೇ 1 ಎಂದು ಎಣಿಸಿ: ಎತ್ತರ 5, ಒಂದು ಕೋಶದ ವಿಸ್ತೀರ್ಣ ಸುಮಾರು 4. ಪ್ರತಿ ಕೋಶ ನಾಲ್ಕು ಮೂಲೆಯದ್ದು, ಪಕ್ಕದ ಗೋಡೆ ನೆರೆಯವರೊಂದಿಗೆ ಹಂಚಿಕೆ. ಒಟ್ಟು 160 ಬಿಂದುಗಳು. ಅಷ್ಟೇ ಮಾಡೆಲ್.

ಶಕ್ತಿಯ ಲೆಕ್ಕದಲ್ಲಿ ಮೂರು ಬಾಬ್ತು. ಪ್ರತಿ ಕೋಶಕ್ಕೂ ವಿಸ್ತೀರ್ಣ ಮೂಲಕ್ಕಿಂತ ಎಷ್ಟು ಬೇರೆಯಾಯಿತೋ ಅದರ ವರ್ಗಕ್ಕೆ 10ರ ಗುಣಕ. ಪ್ರತಿ ಅಂಚಿಗೂ ಸ್ಪ್ರಿಂಗ್, ಬಿಗಿ 1. ನಡುವಿನ ಲೋಳೆ ತುಂಬಿದ ಜಾಗಕ್ಕೂ ವಿಸ್ತೀರ್ಣದ್ದೇ ಬಾಬ್ತು, ಗುಣಕ 1. ಪ್ರತಿ ಹೆಜ್ಜೆಗೂ ಬಿಂದುವನ್ನು ಶಕ್ತಿ ಇಳಿಯುವ ದಿಕ್ಕಿಗೆ ಸರಿಸುತ್ತ ಹೋಗಿ. ವೇಗೋತ್ಕರ್ಷ ಬೇಡ, ರಾಶಿ ಬೇಡ. ಹೊರಗೆ ಮೊಟ್ಟೆಯ ಗಟ್ಟಿ ಪೊರೆ ಇದೆ. ತ್ರಿಜ್ಯ 13 ದಾಟಿದ ಬಿಂದುವನ್ನು ಹಿಂದಕ್ಕೆ ತನ್ನಿ. ಇದನ್ನು ಬಿಟ್ಟರೆ ಕೆಳಗೆ ಗುಳಿ ಬೀಳುವ ಬದಲು ಬೆನ್ನಿನ ಕಡೆ ಉಂಗುರ ಉಬ್ಬಿಕೊಳ್ಳುತ್ತದೆ.

'ಎನ್ಎಎನ್' ಬಂದದ್ದು ಕಾಲದ ಹೆಜ್ಜೆ ದೊಡ್ಡದಾದ್ದರಿಂದ ಇರಬೇಕು. ಸ್ಪ್ರಿಂಗಿನ ಬಿಗಿ 1 ಎಂದು ನೋಡಿ 0.01 ಹೆಜ್ಜೆ ಸಾಕೆನಿಸುತ್ತದೆ. ಆದರೆ ಕೋಶದ ಎತ್ತರ 5 ಇರುವುದರಿಂದ ಒಂದು ಮೂಲೆ ತುಸು ಅಡ್ಡ ಸರಿದರೂ ವಿಸ್ತೀರ್ಣ ಬಹಳ ಬದಲಾಗುತ್ತದೆ. ವಿಸ್ತೀರ್ಣದ ಬಾಬ್ತಿನ ನಿಜವಾದ ಬಿಗಿ ನೂರರ ಲೆಕ್ಕಕ್ಕೆ ಹೋಗುತ್ತದೆ. ಹೆಜ್ಜೆ 0.001 ಇಡಿ, 50,000 ಹೆಜ್ಜೆ ಓಡಿಸಿ. ಪೈಥಾನಿನ ಗಣಿತ ಲೈಬ್ರರಿ ನಂಪೈಯಲ್ಲಿ ಲೂಪ್ ಇಲ್ಲದೆ ಬರೆದರೆ ಸಾಧಾರಣ ಲ್ಯಾಪ್‌ಟಾಪಿಗೂ ಇದು ಭಾರವಲ್ಲ. ಆಮೇಲೆ ಹೆಜ್ಜೆಯನ್ನು ಅರ್ಧ ಮಾಡಿ ಮತ್ತೊಮ್ಮೆ ಓಡಿಸಿ. ಆಕಾರ ಬದಲಾದರೆ ಮೊದಲಿನದ್ದು ಸುಳ್ಳು. ಇಳಿಜಾರಿನ ಸೂತ್ರವನ್ನು ಕೈಯಿಂದ ಬರೆದಿದ್ದರೆ, ಒಂದು ಬಿಂದುವನ್ನು 0.000001ರಷ್ಟು ಸರಿಸಿ ಶಕ್ತಿ ಎಷ್ಟು ಬದಲಾಯಿತೆಂದು ಹೋಲಿಸಿ. ಐದು ನಿಮಿಷದ ಈ ಕೆಲಸ ಐದು ದಿನ ಉಳಿಸುತ್ತದೆ.

ಇನ್ನೊಂದು ಬಲೆ: ವಿಸ್ತೀರ್ಣ ಲೆಕ್ಕ ಹಾಕುವಾಗ ಚಿಹ್ನೆ ತೆಗೆದು ಹಾಕಬೇಡಿ. ಕೋಶ ಬಿಗಿದಾಗ ಒಂದು ಮೂಲೆ ಎದುರು ಗೋಡೆ ದಾಟಿ ಕೋಶವೇ ಒಳಹೊರಗಾಗುತ್ತದೆ. ಚಿಹ್ನೆ ಇದ್ದರೆ ವಿಸ್ತೀರ್ಣ ಋಣವಾಗಿ ಬಲ ಅದನ್ನು ಮರಳಿ ತಳ್ಳುತ್ತದೆ. ಇಲ್ಲದಿದ್ದರೆ ಮಗುಚಿದ ಕೋಶ "ನನ್ನ ವಿಸ್ತೀರ್ಣ ಸರಿಯಾಗಿಯೇ ಇದೆ" ಎಂದು ಹಾಯಾಗಿ ಕೂತುಬಿಡುತ್ತದೆ.

ಈಗ ನೊಣದ ಕೆಲಸ. ಹೊಟ್ಟೆಯ ಕಡೆಯ 18ರಲ್ಲಿ ನಡುವಿನ ಸುಮಾರು 12 ಕೋಶಗಳ ಹೊರ ಅಂಚಿನ ಸಹಜ ಉದ್ದವನ್ನು 1ರಿಂದ 0.2ಕ್ಕೆ 20,000 ಹೆಜ್ಜೆಗಳಲ್ಲಿ ಇಳಿಸಿ, ಬಿಗಿ 5 ಮಾಡಿ. ಆಚೀಚೆಯ ಮೂರು ಮೂರನ್ನು ಮುಟ್ಟಬೇಡಿ, ಅವು ತಾವಾಗಿ ಹಿಗ್ಗುತ್ತವೆ. ನಿಜವಾದ ಭ್ರೂಣದಲ್ಲೂ ಹಿಗ್ಗುತ್ತವೆ. ವಿಸ್ತೀರ್ಣ ಉಳಿಯಬೇಕಾದ್ದರಿಂದ ನಡುವಿನ ಕೋಶಗಳು ಉದ್ದವಾಗುವುದನ್ನು ಕಾಣುತ್ತೀರಿ. ಆದರೆ ಬರುವುದು ತಟ್ಟೆಯಂಥ ಗುಳಿ ಮಾತ್ರ, ಸೀಳು ಅಲ್ಲ. ಹೊರ ಅಂಚನ್ನು ಇನ್ನಷ್ಟು ಬಿಗಿದರೆ ಸರಿಹೋದೀತೆಂದು ಹೆಚ್ಚಿನವರು ಇಲ್ಲಿ ವಾರಗಟ್ಟಲೆ ಕಳೆಯುತ್ತಾರೆ. ಭ್ರೂಣ ಹಾಗೆ ಮಾಡುವುದಿಲ್ಲ. ಎರಡನೇ ಹಂತದಲ್ಲಿ ಅದೇ ಕೋಶಗಳು ಗಿಡ್ಡವಾಗುತ್ತವೆ, ಬುಡ ಅಗಲವಾಗುತ್ತದೆ. ಪಕ್ಕದ ಗೋಡೆಗಳ ಸಹಜ ಉದ್ದವನ್ನು 5ರಿಂದ 3ಕ್ಕೆ ಇಳಿಸಿ, ಒಳ ಅಂಚಿನ ಬಿಗಿಯನ್ನು ಸಡಿಲಿಸಿ ನೋಡಿ: ಗುಳಿ ಒಳಕ್ಕೆ ಇಳಿದು ಎರಡು ತುಟಿ ಹತ್ತಿರ ಬರುತ್ತವೆ. ತುಟಿಗಳು ಒಂದರೊಳಗೊಂದು ನುಗ್ಗದಂತೆ, 0.2ಕ್ಕಿಂತ ಹತ್ತಿರ ಬಂದ ಹೊರಬಿಂದುಗಳಿಗೆ ಸಣ್ಣ ವಿಕರ್ಷಣೆ ಸೇರಿಸಿ.

ಮೂರು ಆಯಾಮದ ವಿಡಿಯೊ ಬೇಕಾದರೆ ಪ್ರತಿ 200 ಹೆಜ್ಜೆಗೊಮ್ಮೆ ಬಿಂದುಗಳನ್ನು ಉಳಿಸಿಕೊಳ್ಳಿ, 250 ಫ್ರೇಮ್ ಆಗುತ್ತದೆ. ಬ್ಲೆಂಡರ್‌ಗೆ ಕಳಿಸಲು ಪಿಸಿ2 ಫೈಲ್ ಬರೆದು ಮೆಶ್ ಕ್ಯಾಶ್ ಮಾಡಿಫೈಯರ್‌ನಲ್ಲಿ ತೆರೆಯಿರಿ. ಬಿಂದುಗಳ ಸಂಖ್ಯೆ, ಕ್ರಮ ಎರಡೂ ಮೆಶ್ಶಿನದ್ದಕ್ಕೆ ಸರಿಹೊಂದಬೇಕು, ಇಲ್ಲದಿದ್ದರೆ ಕೋಶಗಳ ಬದಲು ಗೋಜಲು ನೂಲು ಬರುತ್ತದೆ.

ಪ್ರಶ್ನೆ: ಕರುಳು ಸುರುಳಿಯಾಗಲು ಜಾಗ ಸಾಲದಿರುವುದೇ ಕಾರಣವೇ? ಮಕ್ಕಳಿಗೆ ತೋರಿಸಲು ಕೈಯಲ್ಲಿ ಹಿಡಿಯುವ ಮಾದರಿ, ಜೊತೆಗೆ ಅನಿಮೇಶನ್ ಎರಡೂ ಬೇಕು.
— ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಕುಂದಾಪುರ

ಉತ್ತರ: ಜಾಗ ಅಲ್ಲ. ಕರುಳನ್ನು ಬೆನ್ನಿನ ಗೋಡೆಗೆ ಹಿಡಿದಿಡುವ ಮೆಸೆಂಟರಿ ಎಂಬ ತೆಳು ಪೊರೆ ಇದೆಯಲ್ಲ, ಅದಕ್ಕಿಂತ ಕರುಳು ಬೇಗ ಉದ್ದವಾಗುತ್ತದೆ. ಎಲಾಸ್ಟಿಕ್ಕನ್ನು ಎಳೆದು ಹಿಡಿದು ಲಂಗದ ಸೊಂಟಕ್ಕೆ ಹೊಲಿದು ಬಿಟ್ಟರೆ ಬಟ್ಟೆ ನೆರಿಗೆಯಾಗುವುದಿಲ್ಲವೇ, ಹಾಗೆ. ಥಿಯೆರಿ ಸಾವಿನ್, ನತಾಶಾ ಕುರ್ಪಿಯೋಸ್, ಎಲ್. ಮಹಾದೇವನ್, ಕ್ಲಿಫ್ ಟ್ಯಾಬಿನ್ ಮುಂತಾದವರು 2011ರಲ್ಲಿ ಇದನ್ನು ಕೋಳಿ ಭ್ರೂಣದಲ್ಲಿ ತೋರಿಸಿದರು. ಪೊರೆಯನ್ನು ಕರುಳಿನಿಂದ ಬಿಡಿಸಿದಾಗ ಕರುಳು ನೆಟ್ಟಗಾಯಿತು, ಪೊರೆ ಮುದುಡಿಕೊಂಡಿತು. ರಬ್ಬರ್ ಹಾಳೆಗೆ ಕೊಳವೆ ಹೊಲಿದೂ ಅದೇ ಸುರುಳಿ ತಂದರು. ಕ್ವೇಲ್, ಫಿಂಚ್, ಇಲಿಗಳ ಕರುಳಿನ ಸುರುಳಿಗೂ ಅದೇ ಲೆಕ್ಕ ಹೊಂದಿತು.

ಕೈಮಾದರಿಗೆ ಬೇಕಾದ್ದು: ದಂತವೈದ್ಯರು ಬಳಸುವ ತೆಳು ಲೇಟೆಕ್ಸ್ ಹಾಳೆ, 15 ಸೆಂ.ಮೀ. ಚೌಕದ್ದು ಸಿಗುತ್ತದೆ, ಇಲ್ಲವೇ ದೊಡ್ಡ ಬಲೂನು. ಸೈಕಲ್ ಅಂಗಡಿಯ ವಾಲ್ವ್ ಟ್ಯೂಬ್ 24 ಸೆಂ.ಮೀ., ಪಂಕ್ಚರ್ ಸೊಲ್ಯೂಷನ್, ಪ್ಲೈವುಡ್ ತುಂಡು, ಗುಂಡುಪಿನ್ನು. ಹಾಳೆಯಿಂದ 12×6 ಸೆಂ.ಮೀ. ಕತ್ತರಿಸಿ. ಅದರ ಮೇಲಿನ ಪೌಡರನ್ನು ಸ್ಪಿರಿಟ್‌ನಿಂದ ಒರೆಸಿ. ಇದನ್ನು ಬಿಟ್ಟರೆ ಅಂಟು ಹಿಡಿಯುವುದೇ ಇಲ್ಲ. ಉದ್ದದ ಅಂಚನ್ನು 24 ಸೆಂ.ಮೀ.ಗೆ ಎಳೆದು ಹಲಗೆಯ ಮೇಲೆ 2 ಸೆಂ.ಮೀ.ಗೊಂದು ಪಿನ್ನು ಚುಚ್ಚಿ. ಟ್ಯೂಬನ್ನು ಮರಳುಕಾಗದದಿಂದ ಹಗುರವಾಗಿ ಉಜ್ಜಿ. ಎರಡಕ್ಕೂ ಸೊಲ್ಯೂಷನ್ ಹಚ್ಚಿ, 5 ನಿಮಿಷ ಬಿಟ್ಟು ಅಂಟಂಟಾದ ಮೇಲೆ ಟ್ಯೂಬನ್ನು ಎಳೆಯದೆ ಅಂಚಿನ ಮೇಲೆ ಒತ್ತಿ. ಒದ್ದೆಯಿರುವಾಗಲೇ ಒತ್ತಿದರೆ ಜಾರುತ್ತದೆ. ಸಿಲಿಕೋನ್ ಟ್ಯೂಬಿಗೆ ಈ ಅಂಟು ಕೂರದು. ಅರ್ಧ ಗಂಟೆ ಬಿಟ್ಟು ಪಿನ್ನುಗಳನ್ನು ಒಂದು ತುದಿಯಿಂದ ಕೀಳುತ್ತ ಬನ್ನಿ. ಕಣ್ಣೆದುರೇ ಸುರುಳಿಗಳು ಒಂದೊಂದಾಗಿ ಏಳುತ್ತವೆ. ಇಡೀ ಹಾಳೆ ಒಂದೇ ದೊಡ್ಡ ಬಾಗಾಗಿ ಸುತ್ತಿಕೊಂಡರೆ ಟ್ಯೂಬ್ ಬಹಳ ಗಡುಸಾಯಿತು ಎಂದರ್ಥ.

ಸುರುಳಿಗಳ ಅಂತರ ಟ್ಯೂಬಿನ ಬಾಗುವ ಬಿಗಿಯನ್ನು ಹಾಳೆಯ ಬಿಗಿ ಮತ್ತು ದಪ್ಪದಿಂದ ಭಾಗಿಸಿದ ಸಂಖ್ಯೆಯ ಘನಮೂಲವನ್ನು ಹಿಡಿದು ಹೋಗುತ್ತದೆ. ಮಕ್ಕಳಿಂದ ಇದನ್ನೇ ಪರೀಕ್ಷೆ ಮಾಡಿಸಿ. ಎರಡು ಹಾಳೆ ಜೋಡಿಸಿ ದಪ್ಪ ಇಮ್ಮಡಿ ಮಾಡಿದರೆ ಅಂತರ ಅರ್ಧವಾಗದು, ಸುಮಾರು 20% ಮಾತ್ರ ಇಳಿಯಬೇಕು. ಟ್ಯೂಬಿನ ಒಳ-ಹೊರ ವ್ಯಾಸ ಎರಡೂ ಇಮ್ಮಡಿಯಾದರೆ ಅಂತರ ಎರಡೂವರೆ ಪಟ್ಟು. ಸ್ಕೇಲ್ ಹಿಡಿದು ಅಳೆಯಲಿ.

ಅನಿಮೇಶನ್‌ಗೆ ಒಂದೇ ಮೆಶ್ ಸಾಕು. ತೆಳು ಹಾಳೆ ಮಾಡಿ, ಒಂದು ಅಂಚಿನ ನಾಲ್ಕೈದು ಸಾಲನ್ನು ಕರುಳೆಂದು ವರ್ಟೆಕ್ಸ್ ಗ್ರೂಪಿಗೆ (ಬಿಂದುಗಳ ಗುಂಪಿಗೆ) ಸೇರಿಸಿ ಅದಕ್ಕೆ ಬೆಂಡಿಂಗ್ ಬಿಗಿ ಹೆಚ್ಚು ಕೊಡಿ. ಎದುರಿನ ಅಂಚು ಪಿನ್, ಅಂದರೆ ಅಲುಗದಂತೆ ಹಿಡಿದಿಟ್ಟದ್ದು. ಮೇಲಿನ ಎರಡನೇ ಉತ್ತರದಂತೆ ಡೈನಾಮಿಕ್ ಮೆಶ್, ಗ್ರಾವಿಟಿ 0. ಶೇಪ್ ಕೀಯಲ್ಲಿ ಕರುಳಿನ ಸಾಲುಗಳನ್ನು ಉದ್ದಕ್ಕೆ ಎಳೆದಿಡಿ. ಎಲ್ಲವೂ ಪಕ್ಕಾ ಚಪ್ಪಟೆಯಾಗಿದ್ದರೆ ಕರುಳು ಯಾವ ಕಡೆ ಬಾಗಬೇಕೆಂದು ತಿಳಿಯದೆ ಹಾಗೇ ಒತ್ತಿಕೊಂಡು ನಿಂತುಬಿಡುತ್ತದೆ. ಬಿಂದುಗಳನ್ನು ರ್‍ಯಾಂಡಮೈಸ್‌ನಿಂದ 0.002ರಷ್ಟು ಅಲುಗಿಸಿ ಬಿಡಿ.

ಪ್ರಶ್ನೆ: ಇದನ್ನೇ ವೃತ್ತಿಯಾಗಿ ಓದಲು ಏನು ಮಾಡಬೇಕು?
— ಪಿಯುಸಿ ವಿದ್ಯಾರ್ಥಿ, ರಾಯಚೂರು

ಉತ್ತರ: ಗಣಿತ ಬಿಡಬೇಡಿ. ಭೌತಶಾಸ್ತ್ರ ಓದಿ ಜೀವಶಾಸ್ತ್ರಕ್ಕೆ ಬಂದವರೂ ಇದ್ದಾರೆ, ಜೀವಶಾಸ್ತ್ರದಿಂದ ಹೊರಟು ಕೋಡಿಂಗ್ ಕಲಿತವರೂ ಇದ್ದಾರೆ. ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸಂಸ್ಥೆಯಲ್ಲಿ ಎರಡೂ ಬಗೆಯವರು ಒಂದೇ ಸೂರಿನಡಿ ಕೆಲಸ ಮಾಡುತ್ತಾರೆ.

ಪ್ರಶ್ನೆ: ಎರಡು ಬೇರೆಬೇರೆ ನಿಯಮ ಹಾಕಿದರೂ ಕೊನೆಗೆ ಒಂದೇ ಆಕಾರ ಬರುತ್ತಿದೆ. ಯಾವುದು ನಿಜ ಎಂದು ಹೇಗೆ ಹೇಳುವುದು?
— ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಉತ್ತರ: ಕೊನೆಯ ಆಕಾರ ನೋಡಿ ಹೇಳಲಾಗದು. ನಾಳ ಮಾಡಲು ಹತ್ತು ದಾರಿಗಳಿವೆ. ನಡುದಾರಿಯ ಅಳತೆಗಳನ್ನು ಹೋಲಿಸಿ: ಕೋಶದ ಎತ್ತರ ಮೊದಲು ಏರಿ ಆಮೇಲೆ ಇಳಿಯಿತೇ, ಪಕ್ಕದ ಕೋಶ ಎಷ್ಟು ಹಿಗ್ಗಿತು, ಅರ್ಧ ಮುಚ್ಚಲು ಎಷ್ಟು ಹೊತ್ತು ಹಿಡಿಯಿತು.

ಅದೂ ತೀರ್ಮಾನ ಕೊಡದಿದ್ದರೆ ಮಾಡೆಲ್ಲಿಗೆ ಗಾಯ ಮಾಡಿ. ಲೇಸರ್‌ನಿಂದ ಅಂಗಾಂಶದಲ್ಲಿ ಸಣ್ಣ ಸೀಳು ಮಾಡಿ ಅದು ಎಷ್ಟು ಬೇಗ ಬಾಯಿ ಬಿಡುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಅಳೆಯುತ್ತಾರೆ. ಸೆಳೆತ ಹೆಚ್ಚಿದ್ದಷ್ಟೂ ಬೇಗ ಬಿಡುತ್ತದೆ. ನಿಮ್ಮ ಕೋಡಿನಲ್ಲಿ ಅದೇ ಜಾಗದ ಒಂದು ಅಂಚಿನ ಬಿಗಿ ಸೊನ್ನೆ ಮಾಡಿ ನೋಡಿ. ಒಂದು ನಿಯಮದಲ್ಲಿ ಸೀಳು ಅಗಲವಾಗುತ್ತದೆ, ಇನ್ನೊಂದರಲ್ಲಿ ಪಕ್ಕದಿಂದ ತಳ್ಳುವ ಬಲವೇ ಮುಖ್ಯವಾದ್ದರಿಂದ ಮುಚ್ಚಿಕೊಳ್ಳುತ್ತದೆ. ಅಲ್ಲಿ ಎರಡೂ ಬೇರೆಯಾಗುತ್ತವೆ. ಜೀನ್ ಕೆಟ್ಟ ಭ್ರೂಣಗಳೂ ಇದೇ ಕೆಲಸಕ್ಕೆ ಬರುತ್ತವೆ. ಶ್ರೂಮ್3 ಪ್ರೋಟೀನು ಮೇಲ್ತುದಿ ಬಿಗಿಯಲು ಬೇಕು, ಅದು ಕೆಟ್ಟ ಇಲಿಗಳಲ್ಲಿ ತಲೆಯ ಭಾಗದ ನರನಾಳ ತೆರೆದೇ ಉಳಿಯುತ್ತದೆ. ನಿಮ್ಮ ಇಲಿ ಮಾಡೆಲ್ಲಿನಲ್ಲಿ ಮೇಲ್ತುದಿಯ ಬಿಗಿತ ತೆಗೆದ ಮೇಲೂ ತಲೆ ನೀಟಾಗಿ ಮುಚ್ಚಿಕೊಂಡರೆ, ಎಲ್ಲೋ ಒಂದು ಪಿನ್ನು ಇನ್ನೂ ಹಿಡಿದೆಳೆಯುತ್ತಿದೆ ಎಂದೇ ತಿಳಿದು ಮೊದಲು ಪಿನ್ ಗ್ರೂಪನ್ನು ತೆರೆದು ನೋಡಿ.